ನ್ಯಾಗ್: ಕೊರೆಯುವ ಮಾತಿನ ಅರ್ಥ, ಮೂಲ ಮತ್ತು ಬಳಕೆ

ರಕ್ತದೊತ್ತಡದ ಮಾತ್ರೆ ತೆಗೆದುಕೊಂಡಿರಾ ಎಂದು ವೈದ್ಯರು ಕೇಳಿದರೆ ಅದು ವಿಚಾರಣೆ. ಮೊಬೈಲ್ ಫೋನು ದಿನಕ್ಕೆ ಮೂರು ಬಾರಿ ಗಂಟೆ ಬಾರಿಸಿ ಅದನ್ನೇ ಕೇಳಿದರೆ ಅದು ಸೌಲಭ್ಯ. ಮಗ ಕೇಳಿದರೆ ಕಾಳಜಿ. ಅದೇ ಪ್ರಶ್ನೆಯನ್ನು ಹೆಂಡತಿ ಎರಡನೆಯ ಬಾರಿ ಕೇಳಿದಾಗ ಮಾತ್ರ ಇಂಗ್ಲಿಷಿನಲ್ಲಿ ಅದಕ್ಕೊಂದು ಬೇರೆ ಹೆಸರಿದೆ: ನ್ಯಾಗಿಂಗ್. ಮೂರಕ್ಷರದ ಈ ಪುಟ್ಟ ಪದ ನಮ್ಮ ನಗರಗಳ ಮನೆಮಾತಿನಲ್ಲೂ ಕಚೇರಿಯ ಹರಟೆಯಲ್ಲೂ ಧಾರಾಳವಾಗಿ ಸೇರಿಕೊಂಡಿದೆ. "ಸುಮ್ಮನೆ ನ್ಯಾಗ್ ಮಾಡಬೇಡ" ಎಂಬ ವಾಕ್ಯವನ್ನು ಕನ್ನಡದ ವಾಕ್ಯವೆಂದೇ ಆಡುವವರಿದ್ದಾರೆ. ಆದರೆ ಪದದ ನಿಖರವಾದ ಅರ್ಥವೇನು, ಗೊಣಗುವುದಕ್ಕೂ ಇದಕ್ಕೂ ಇರುವ ಅಂತರವೇನು, ಕನ್ನಡಕ್ಕೆ ಇದನ್ನು ಹೇಗೆ ತರಬೇಕು ಎಂಬ ಪ್ರಶ್ನೆಗಳು ಬಂದಾಗ ಗೊಂದಲ ಎದುರಾಗುತ್ತದೆ. ಆ ಗೊಂದಲವನ್ನು ಪರಿಹರಿಸುವ ಪ್ರಯತ್ನ ಈ ಲೇಖನ.

ಉಚ್ಚಾರಣೆ ಮತ್ತು ರೂಪಗಳು

ಎನ್, ಎ, ಜಿ ಎಂಬ ಮೂರು ಅಕ್ಷರಗಳ ಈ ಪದವನ್ನು ಕನ್ನಡದಲ್ಲಿ ನ್ಯಾಗ್ ಎಂದು ಬರೆಯುವುದು ರೂಢಿ. ಇಲ್ಲಿ ಕಾಣುವ ಯಕಾರದ ಒತ್ತು ನಿಜವಾದ ಯಕಾರವಲ್ಲ. ಬ್ಯಾಟ್, ಮ್ಯಾಚ್, ಬ್ಯಾಂಕ್ ಮುಂತಾದ ಪದಗಳಲ್ಲಿ ಕೇಳುವ ಸ್ವರವೇ ಇಲ್ಲಿಯೂ ಇದೆ. ಕನ್ನಡ ಲಿಪಿಯಲ್ಲಿ ಆ ಸ್ವರಕ್ಕೆ ಪ್ರತ್ಯೇಕ ಚಿಹ್ನೆ ಇಲ್ಲವಾದ್ದರಿಂದ ಯ ಒತ್ತಿನ ಆಸರೆ ಪಡೆಯುತ್ತೇವೆ.

ಈ ಪದ ಕ್ರಿಯಾಪದವೂ ಹೌದು, ನಾಮಪದವೂ ಹೌದು. ಭೂತಕಾಲದಲ್ಲಿ ನ್ಯಾಗ್ಡ್, ವರ್ತಮಾನ ಕೃದಂತದಲ್ಲಿ ನ್ಯಾಗಿಂಗ್ ಎಂದಾಗುತ್ತದೆ. ಎರಡರಲ್ಲೂ ಕೊನೆಯ ಜಿ ಅಕ್ಷರ ಇಮ್ಮಡಿಸುತ್ತದೆ. ನಾಮಪದವಾದಾಗ ಅದು ಹಾಗೆ ಕಾಡುವ ವ್ಯಕ್ತಿಯನ್ನು ಸೂಚಿಸುತ್ತದೆ. ಕಾಡುವವರು ಎಂಬ ಅರ್ಥಕ್ಕೆ ವ್ಯಾಕರಣದ ಪ್ರಕಾರ ನ್ಯಾಗರ್ ಎಂಬ ರೂಪವೂ ಇದೆ. ಆದರೆ ಅದರ ಉಚ್ಚಾರಣೆ ಕಪ್ಪು ಜನರನ್ನು ನಿಂದಿಸುವ ಒಂದು ಹೀನ ಪದಕ್ಕೆ ತೀರ ಹತ್ತಿರವಾಗಿರುವುದರಿಂದ ಇಂಗ್ಲಿಷ್ ಭಾಷಿಕರು ಆ ರೂಪವನ್ನು ಸಾಮಾನ್ಯವಾಗಿ ತಪ್ಪಿಸುತ್ತಾರೆ. ಅಮೆರಿಕ, ಬ್ರಿಟನ್‌ಗಳಲ್ಲಿ ನೆಲೆಸಿರುವ ನಮ್ಮವರೂ ಇದನ್ನು ನೆನಪಿನಲ್ಲಿಡುವುದು ಒಳಿತು.

ಮೂಲ

ನ್ಯಾಗ್ ಎಂಬುದರ ಮೊದಲ ಅರ್ಥ ಮಾತಿಗೆ ಸಂಬಂಧಿಸಿದ್ದಲ್ಲ, ಹಲ್ಲಿಗೆ ಸಂಬಂಧಿಸಿದ್ದು. ಇಲಿ ಮರವನ್ನು ಕಡಿಯುವಂತೆ, ನಾಯಿ ಮೂಳೆಯನ್ನು ಕಚ್ಚಿ ತೇಯುವಂತೆ, ಸ್ವಲ್ಪ ಸ್ವಲ್ಪವಾಗಿ ಕಡಿದು ಸವೆಸುವುದು ಎಂದೇ ಇಂಗ್ಲೆಂಡಿನ ಪ್ರಾದೇಶಿಕ ನುಡಿಗಳಲ್ಲಿ ಇದರ ಅರ್ಥವಾಗಿತ್ತು. ಪದ ಬಹುಶಃ ಸ್ಕ್ಯಾಂಡಿನೇವಿಯಾ ಮೂಲದ್ದು. ಪ್ರಾಚೀನ ನಾರ್ಸ್ ಭಾಷೆಯ ಗ್ನಾಗ, ಸ್ವೀಡನ್ ಮತ್ತು ನಾರ್ವೆಯ ಪ್ರಾದೇಶಿಕ ನುಡಿಗಳ ನಗ್ಗ, ಜರ್ಮನ್ ಭಾಷೆಯ ನಾಗೆನ್, ಇವೆಲ್ಲವೂ ಕಡಿಯುವುದು ಎಂಬ ಅರ್ಥದ ಸೋದರ ಪದಗಳು. ಇಂಗ್ಲಿಷಿನ ನಾ ಎಂಬ ಕ್ರಿಯಾಪದ, ಅಂದರೆ ಬರೆಯುವಾಗ ಮಾತ್ರ ಕಾಣಿಸಿ ಉಚ್ಚಾರಣೆಯಲ್ಲಿ ಕೇಳದ ಜಿ ಅಕ್ಷರದಿಂದ ಆರಂಭವಾಗುವ ಪದ, ಇದೇ ಕುಟುಂಬದ್ದು.

ಒಂಬತ್ತನೆಯ ಶತಮಾನದಿಂದ ಹನ್ನೊಂದನೆಯ ಶತಮಾನದವರೆಗೆ ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ವೈಕಿಂಗರ ವಸತಿಗಳಿದ್ದವು. ಅವರ ನುಡಿಯಿಂದ ಮೊಟ್ಟೆಗೆ ಎಗ್, ಚಾಕುವಿಗೆ ನೈಫ್, ಕಿಟಕಿಗೆ ವಿಂಡೋ, ಆಕಾಶಕ್ಕೆ ಸ್ಕೈ ಮುಂತಾದ ದಿನಬಳಕೆಯ ಪದಗಳು ಇಂಗ್ಲಿಷಿಗೆ ಬಂದವು. ಮನೆಯೊಡೆಯ ಎಂಬ ಅರ್ಥದ ನಾರ್ಸ್ ಪದದಿಂದ ಹಸ್ಬೆಂಡ್ ಎಂಬುದೂ ಬಂತು. ಆದರೆ ನ್ಯಾಗ್ ಎಂಬ ಪದ ಬರಹದಲ್ಲಿ ಕಾಣಿಸಿಕೊಂಡದ್ದು ಬಹಳ ತಡವಾಗಿ, 1820ರ ದಶಕದಲ್ಲಿ. ಬಿಡದೆ ತಪ್ಪು ಹುಡುಕುವುದು ಎಂಬ ಅರ್ಥ ಆ ದಶಕದ ಕೊನೆಗೂ, ಒಬ್ಬರನ್ನು ಸಣ್ಣಪುಟ್ಟ ದೂರುಗಳಿಂದ ಪೀಡಿಸುವುದು ಎಂಬ ಅರ್ಥ 1840ರ ಸುಮಾರಿಗೂ ದಾಖಲಾಗಿವೆ. ಹೀಗೆ ಹಲ್ಲಿನ ಕೆಲಸ ನಾಲಿಗೆಗೆ ವರ್ಗಾವಣೆಯಾಯಿತು.

ಈ ರೂಪಕ ಕನ್ನಡಿಗರಿಗೆ ಹೊಸದೇನಲ್ಲ. "ತಲೆ ತಿನ್ನಬೇಡ", "ಜೀವ ತಿನ್ನಬೇಡ", "ಎಷ್ಟು ಕೊರೆಯುತ್ತೀಯಾ" ಎಂದು ನಾವು ಹೇಳುವಾಗ ಕೆಲಸ ಮಾಡುತ್ತಿರುವುದು ಇದೇ ಚಿತ್ರ. ಮಾತು ಕಿವಿಯ ಮೂಲಕ ಒಳಹೊಕ್ಕು ಹುಳುವಿನಂತೆ ಮರವನ್ನು ಟೊಳ್ಳು ಮಾಡುತ್ತದೆ ಎಂಬ ಭಾವನೆ ಎರಡೂ ಭಾಷೆಗಳಲ್ಲಿ ಸ್ವತಂತ್ರವಾಗಿ ಹುಟ್ಟಿದೆ.

ಕುದುರೆ, ನಾಗ ಮತ್ತು ಕ್ಷಿಪಣಿ

ಇದೇ ಮೂರು ಅಕ್ಷರಗಳಲ್ಲಿ ಇಂಗ್ಲಿಷಿನಲ್ಲಿ ಇನ್ನೊಂದು ಪದವಿದೆ. ಅದರ ಅರ್ಥ ಕುದುರೆ. ಮಧ್ಯಕಾಲೀನ ಇಂಗ್ಲಿಷಿನಲ್ಲಿ ಸವಾರಿಯ ಸಣ್ಣ ಕುದುರೆಗೆ ಈ ಹೆಸರಿತ್ತು. ಕ್ರಮೇಣ ಅದು ಮುದಿಯಾದ, ಬಡಕಲಾದ ಕುದುರೆಯನ್ನು ಹೀಗಳೆಯುವ ಪದವಾಯಿತು. ರೇಸ್ ಕುದುರೆಗಳನ್ನು ತಮಾಷೆಗಾಗಿ ಹಾಗೆ ಕರೆಯುವುದುಂಟು. ಈ ಕುದುರೆಗೂ ಕಾಡುವ ಮಾತಿಗೂ ವ್ಯುತ್ಪತ್ತಿಯ ಸಂಬಂಧವಿಲ್ಲ.

ಭಾರತದ ಇಂಗ್ಲಿಷ್ ಪತ್ರಿಕೆಗಳಲ್ಲಿ ಇದೇ ಅಕ್ಷರಗಳು ಮೂರನೆಯ ಅರ್ಥದಲ್ಲೂ ಬರುತ್ತವೆ. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ ರೂಪಿಸಿದ ಟ್ಯಾಂಕ್ ನಿರೋಧಕ ಕ್ಷಿಪಣಿಯ ಹೆಸರು ನಾಗ್. ರಡ್ಯಾರ್ಡ್ ಕಿಪ್ಲಿಂಗ್ 1894ರಲ್ಲಿ ಪ್ರಕಟವಾದ ಜಂಗಲ್ ಬುಕ್‌ನ ಮುಂಗುಸಿಯ ಕಥೆಯಲ್ಲಿ ನಾಗರಹಾವಿಗೆ ಕೊಟ್ಟ ಹೆಸರೂ ಅದೇ. ಇವೆರಡೂ ನಮ್ಮ ನಾಗನಿಂದ ಬಂದವು, ಉಚ್ಚಾರಣೆಯೂ ನಾಗ್. ಇಂಗ್ಲಿಷ್ ಶೀರ್ಷಿಕೆಗಳನ್ನು ಓದುವಾಗ ಸಂದರ್ಭ ನೋಡಿಯೇ ಅರ್ಥ ಮಾಡಿಕೊಳ್ಳಬೇಕು.

ಅರ್ಥದ ನಾಲ್ಕು ಲಕ್ಷಣಗಳು

ಎಲ್ಲ ದೂರುಗಳೂ ನ್ಯಾಗಿಂಗ್ ಅಲ್ಲ. ಈ ಪದ ಸರಿಯಾಗಿ ಹೊಂದಬೇಕಾದರೆ ನಾಲ್ಕು ಲಕ್ಷಣಗಳು ಇರಬೇಕು.

ಮೊದಲನೆಯದು ಪುನರಾವರ್ತನೆ. ಒಮ್ಮೆ ಹೇಳಿದ್ದು, ಎಷ್ಟೇ ಕಟುವಾಗಿರಲಿ, ನ್ಯಾಗಿಂಗ್ ಆಗುವುದಿಲ್ಲ. ಎರಡನೆಯದು ಗುರಿ. ಗಾಳಿಗೆ ಗೊಣಗಿದರೆ ಸಾಲದು. ಮಾತು ಒಬ್ಬ ನಿರ್ದಿಷ್ಟ ವ್ಯಕ್ತಿಯ ಕಡೆಗೆ ಇರಬೇಕು. ಮೂರನೆಯದು ಬೇಡಿಕೆ. ಆ ವ್ಯಕ್ತಿ ಏನನ್ನೋ ಮಾಡಬೇಕು ಅಥವಾ ಬಿಡಬೇಕು ಎಂಬ ಒತ್ತಾಯ ಅದರಲ್ಲಿರಬೇಕು. ಸಿಗರೇಟು ಬಿಡು, ನಲ್ಲಿ ರಿಪೇರಿ ಮಾಡಿಸು, ಓದಲು ಕೂತುಕೋ ಎಂಬಂಥವು. ನಾಲ್ಕನೆಯದು ಹೆಸರಿಡುವವರ ಬೇಸರ. ಇದು ಬಹಳ ಮುಖ್ಯ. ನಾನು ನಿನ್ನನ್ನು ನೆನಪಿಸುತ್ತಿದ್ದೇನೆ ಎಂದು ಹೇಳುವವರು ಇರುತ್ತಾರೆ. ಕ್ಷಮೆ ಕೋರುವ ಧಾಟಿಯಲ್ಲಲ್ಲದೆ ನಾನು ನಿನ್ನನ್ನು ನ್ಯಾಗ್ ಮಾಡುತ್ತಿದ್ದೇನೆ ಎಂದು ಯಾರೂ ಹೇಳುವುದಿಲ್ಲ. ಹೆಸರು ಕೊಡುವುದು ಯಾವಾಗಲೂ ಕೇಳಿಸಿಕೊಳ್ಳುವ ಪಕ್ಷ.

ಪದದ ಒಳಗಿನ ಪಕ್ಷಪಾತ ಇರುವುದು ಇಲ್ಲಿಯೇ. ಒಂದೇ ಮಾತನ್ನು ಹತ್ತು ಬಾರಿ ಹೇಳಬೇಕಾಗಿ ಬಂದಿದೆ ಎಂದರೆ ಮೊದಲ ಒಂಬತ್ತು ಬಾರಿ ಅದು ನೆರವೇರಿಲ್ಲ ಎಂದರ್ಥ. ನ್ಯಾಗ್ ಎಂಬ ಪದ ಹೇಳಿದವರ ಹತ್ತು ಮಾತುಗಳನ್ನು ಲೆಕ್ಕ ಹಾಕುತ್ತದೆ, ಕೇಳಿದವರ ಒಂಬತ್ತು ಮೌನಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹೇಳಿದ್ದು ನ್ಯಾಯವೋ ಅಲ್ಲವೋ ಎಂಬ ವಿಚಾರವನ್ನು ಅದು ಪಕ್ಕಕ್ಕೆ ಸರಿಸಿ, ಎಷ್ಟು ಬಾರಿ ಹೇಳಿದರು ಎಂಬುದನ್ನೇ ಮುಂದಿಡುತ್ತದೆ.

ವಾಕ್ಯದಲ್ಲಿ ಬಳಕೆ

ಇಂಗ್ಲಿಷಿನಲ್ಲಿ ಈ ಕ್ರಿಯಾಪದ ಕೆಲವು ನಿಶ್ಚಿತ ಅವ್ಯಯಗಳ ಜೊತೆ ಬರುತ್ತದೆ. ವಿಷಯವನ್ನು ಹೇಳಬೇಕಾದಾಗ ಅಬೌಟ್, ಕೆಲಸವನ್ನು ಹೇಳಬೇಕಾದಾಗ ಟು, ಕೊನೆಗೂ ಒಪ್ಪಿಸಿದ್ದನ್ನು ಹೇಳಬೇಕಾದಾಗ ಇನ್‌ಟು ಬಳಕೆಯಾಗುತ್ತವೆ. ವೈದ್ಯರನ್ನು ಕಾಣುವಂತೆ ಆಕೆ ಅವನನ್ನು ಪೀಡಿಸಿದಳು ಎನ್ನಲು "ಷೀ ನ್ಯಾಗ್ಡ್ ಹಿಮ್ ಟು ಸೀ ಎ ಡಾಕ್ಟರ್" ಎನ್ನುತ್ತಾರೆ. ಪೀಡಿಸಿ ಪೀಡಿಸಿ ಕೊನೆಗೂ ವೈದ್ಯರ ಬಳಿಗೆ ಹೋಗುವಂತೆ ಮಾಡಿದಳು ಎಂಬ ಅರ್ಥ ಬೇಕಾದರೆ "ನ್ಯಾಗ್ಡ್ ಹಿಮ್ ಇನ್‌ಟು ಸೀಯಿಂಗ್ ಎ ಡಾಕ್ಟರ್" ಎಂದಾಗುತ್ತದೆ. ಮೊದಲ ವಾಕ್ಯದಲ್ಲಿ ಆತ ಹೋದನೋ ಇಲ್ಲವೋ ತಿಳಿಯುವುದಿಲ್ಲ, ಎರಡನೆಯದರಲ್ಲಿ ಹೋದದ್ದು ನಿಶ್ಚಿತ. ಪರೀಕ್ಷೆ ಬರೆಯುವ ವಿದ್ಯಾರ್ಥಿಗಳು ಈ ವ್ಯತ್ಯಾಸವನ್ನು ಗಮನಿಸಬೇಕು.

ಕರ್ತೃ ಮನುಷ್ಯನಲ್ಲದಿದ್ದಾಗ ಆಟ್ ಎಂಬ ಅವ್ಯಯ ಹೆಚ್ಚಾಗಿ ಬರುತ್ತದೆ. ಸಂಶಯ, ಅಪರಾಧ ಪ್ರಜ್ಞೆ, ಮರೆತ ಹೆಸರು ಮನಸ್ಸನ್ನು ಕೊರೆಯುವಾಗ "ನ್ಯಾಗ್ ಆಟ್" ಎನ್ನುತ್ತಾರೆ. ಈ ಬಳಕೆಯಲ್ಲಿ ನಿಂದೆಯ ಧ್ವನಿ ಇಲ್ಲ. ಕಡಿಯುವುದು ಎಂಬ ಹಳೆಯ ಅರ್ಥ ಶುದ್ಧವಾಗಿ ಉಳಿದುಕೊಂಡಿರುವುದು ಇಲ್ಲಿಯೇ.

ಸೋದರ ಪದಗಳು

ದೂರುವುದಕ್ಕೆ ಇಂಗ್ಲಿಷಿನಲ್ಲಿ ಪದಗಳ ದೊಡ್ಡ ರಾಶಿಯೇ ಇದೆ. ಅವುಗಳನ್ನು ಒಂದರ ಬದಲು ಇನ್ನೊಂದನ್ನು ಬಳಸಿದರೆ ಅರ್ಥ ಕೆಡುತ್ತದೆ.

ಗ್ರಂಬಲ್ ಎಂದರೆ ತನ್ನಷ್ಟಕ್ಕೆ ಗೊಣಗುವುದು. ಎದುರಿಗೆ ಯಾರೂ ಇರಬೇಕಾಗಿಲ್ಲ, ಬೇಡಿಕೆಯೂ ಇರಬೇಕಾಗಿಲ್ಲ. ದೂರದ ಗುಡುಗು, ಹಸಿದ ಹೊಟ್ಟೆಯ ಸದ್ದಿಗೂ ಇದೇ ಪದ.

ವೈನ್ ಎಂದರೆ ರಾಗ ಎಳೆಯುವುದು, ಅಳುದನಿಯಲ್ಲಿ ದೂರುವುದು. ಹಳೆಯ ಇಂಗ್ಲಿಷಿನಲ್ಲಿ ಬಾಣ ಹಾರುವಾಗಿನ ಸದ್ದಿಗೆ ಈ ಹೆಸರಿತ್ತು. ಇದಕ್ಕೆ ಹತ್ತಿರದ ವಿಂಜ್ ಎಂಬುದು ಮೊದಲು ಸ್ಕಾಟ್ಲೆಂಡ್ ಹಾಗೂ ಉತ್ತರ ಇಂಗ್ಲೆಂಡಿನ ಪದ. ಎರಡನೆಯ ಮಹಾಯುದ್ಧದ ನಂತರ ಕೇವಲ 10 ಪೌಂಡ್ ಪ್ರಯಾಣ ದರದಲ್ಲಿ ಆಸ್ಟ್ರೇಲಿಯಕ್ಕೆ ವಲಸೆ ಹೋದ ಬ್ರಿಟಿಷರು ಅಲ್ಲಿನ ಬಿಸಿಲು, ವಸತಿ, ಊಟದ ಬಗ್ಗೆ ದೂರುತ್ತಾರೆಂದು ಆಸ್ಟ್ರೇಲಿಯನ್ನರು ಅವರನ್ನು "ವಿಂಜಿಂಗ್ ಪಾಮ್" ಎಂದು ಹಾಸ್ಯ ಮಾಡುತ್ತಿದ್ದರು.

ಕಾರ್ಪ್ ಎಂದರೆ ಅನಗತ್ಯವಾಗಿ ಕೊಂಕು ತೆಗೆಯುವುದು. ಅದೇ ಹೆಸರಿನ ಮೀನಿಗೂ ಇದಕ್ಕೂ ಸಂಬಂಧವಿಲ್ಲ. ಗ್ರೌಸ್ ಎಂಬುದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬ್ರಿಟಿಷ್ ಸೈನಿಕರ ಆಡುಮಾತಿನಿಂದ ಬಂದದ್ದು, ಮನಸ್ಸಿನಲ್ಲಿಟ್ಟುಕೊಂಡ ಅಸಮಾಧಾನವನ್ನು ಸೂಚಿಸುತ್ತದೆ. ಕ್ವೆಚ್ ಎಂಬುದು ಯಿಡ್ಡಿಷ್ ಭಾಷೆಯ ಕೊಡುಗೆ. ಮೂಲಾರ್ಥ ಹಿಂಡುವುದು, ಹಿಸುಕುವುದು. "ಪ್ರಾಣ ಹಿಂಡಬೇಡ" ಎಂಬ ನಮ್ಮ ಮಾತನ್ನು ಇದು ನೆನಪಿಗೆ ತರುತ್ತದೆ. ಪೆಸ್ಟರ್ ಎಂದರೆ ಬೇಡಿಕೆಗಾಗಿ ದುಂಬಾಲು ಬೀಳುವುದು. ಬ್ಯಾಡ್ಜರ್ ಎಂಬುದು ಅದೇ ಹೆಸರಿನ ಬಿಲವಾಸಿ ಪ್ರಾಣಿಯ ಮೇಲೆ ನಾಯಿಗಳನ್ನು ಛೂ ಬಿಡುತ್ತಿದ್ದ ಕ್ರೂರ ಆಟದಿಂದ ಬಂದಿದೆ.

ಹಾರ್ಪ್ ಆನ್ ಎಂಬ ನುಡಿಗಟ್ಟಿನ ಚಿತ್ರ ಸ್ವಾರಸ್ಯಕರ. ಹಾರ್ಪ್ ಎಂಬ ತಂತಿವಾದ್ಯದ ಒಂದೇ ತಂತಿಯನ್ನು ಮತ್ತೆ ಮತ್ತೆ ಮೀಟುವುದು ಎಂದು ಅದರ ಅರ್ಥ. "ಹಾಡಿದ್ದೇ ಹಾಡೋ ಕಿಸಬಾಯಿ ದಾಸ" ಎಂಬ ನಮ್ಮ ಗಾದೆ ಅದಕ್ಕೆ ಸರಿಯಾದ ಜೋಡಿ.

ದಂಡನೆಯ ಇತಿಹಾಸ

ನ್ಯಾಗ್ ಎಂಬ ಪದ ಬರಹಕ್ಕೆ ಬರುವ ಮೊದಲು ಅದೇ ಜಾಗದಲ್ಲಿ ಸ್ಕೋಲ್ಡ್ ಎಂಬ ಪದವಿತ್ತು. ಇಂದು ಅದಕ್ಕೆ ಬೈಯುವುದು, ಗದರಿಸುವುದು ಎಂಬ ಅರ್ಥವಷ್ಟೇ ಇದೆ. ನಾರ್ಸ್ ಭಾಷೆಯಲ್ಲಿ ಸ್ಕಾಲ್ಡ್ ಎಂದರೆ ಕವಿ. ನಿಂದಾತ್ಮಕ ಪದ್ಯ ಕಟ್ಟುವ ಕವಿಯಿಂದ ನಿಂದಿಸುವ ವ್ಯಕ್ತಿಗೆ ಪದ ಇಳಿದಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಇಂಗ್ಲೆಂಡಿನ ಸಾಮಾನ್ಯ ಕಾನೂನಿನಲ್ಲಿ ಕಾಮನ್ ಸ್ಕೋಲ್ಡ್ ಎಂಬುದು ಒಂದು ಅಪರಾಧವಾಗಿತ್ತು. ಬಾಯಿಜಗಳದಿಂದ ನೆರೆಹೊರೆಯ ನೆಮ್ಮದಿ ಕೆಡಿಸುವ ಹೆಂಗಸು ಎಂಬುದು ಅದರ ವಿವರಣೆ. ಕಾನೂನಿನ ಲ್ಯಾಟಿನ್ ಪದವೇ ಸ್ತ್ರೀಲಿಂಗದಲ್ಲಿತ್ತು. ಹಾಗಾಗಿ ಗಂಡಸೊಬ್ಬ ಎಷ್ಟೇ ಕಿರುಚಾಡಿದರೂ ಈ ಅಪರಾಧದ ವ್ಯಾಪ್ತಿಗೆ ಬರುತ್ತಿರಲಿಲ್ಲ.

ಶಿಕ್ಷೆಗಳು ಕ್ರೂರವಾಗಿದ್ದವು. ಡಕಿಂಗ್ ಸ್ಟೂಲ್ ಎಂಬ ಕುರ್ಚಿಗೆ ಹೆಂಗಸನ್ನು ಕಟ್ಟಿ, ಉದ್ದನೆಯ ತೊಲೆಯ ಸಹಾಯದಿಂದ ಹೊಳೆಯಲ್ಲೋ ಕೆರೆಯಲ್ಲೋ ಮುಳುಗಿಸಿ ಎತ್ತುತ್ತಿದ್ದರು. ಸ್ಕಾಟ್ಲೆಂಡಿನಲ್ಲಿ 1567ರಷ್ಟು ಹಿಂದೆಯೇ ದಾಖಲಾಗಿರುವ ಇನ್ನೊಂದು ಸಾಧನ ಬ್ರಾಂಕ್ಸ್. ಇದು ತಲೆಗೆ ತೊಡಿಸುವ ಕಬ್ಬಿಣದ ಚೌಕಟ್ಟು. ಅದರಲ್ಲಿನ ಒಂದು ಪಟ್ಟಿ ಬಾಯೊಳಗೆ ಹೋಗಿ ನಾಲಿಗೆಯನ್ನು ಅದುಮಿ ಹಿಡಿಯುತ್ತಿತ್ತು. ಕುದುರೆಗೆ ಕಡಿವಾಣ ಹಾಕುವಂತೆ ಮನುಷ್ಯಳಿಗೆ ಕಡಿವಾಣ ಹಾಕಿ ಬೀದಿಯಲ್ಲಿ ಮೆರವಣಿಗೆ ಮಾಡುತ್ತಿದ್ದರು.

ಇಂಗ್ಲೆಂಡಿನ ಲೆಮ್‌ಸ್ಟರ್ ಪಟ್ಟಣದಲ್ಲಿ 1809ರಲ್ಲಿ ಜೆನ್ನಿ ಪೈಪ್ಸ್ ಎಂಬಾಕೆಯನ್ನು ಹೀಗೆ ಮುಳುಗಿಸಲಾಯಿತು. ಆ ದೇಶದಲ್ಲಿ ದಾಖಲಾಗಿರುವ ಕೊನೆಯ ಇಂಥ ಪ್ರಕರಣ ಇದೆಂದು ಪರಿಗಣಿಸಲಾಗಿದೆ. 1817ರಲ್ಲಿ ಅದೇ ಊರಿನಲ್ಲಿ ಸಾರಾ ಲೀಕ್ ಎಂಬ ಇನ್ನೊಬ್ಬಾಕೆಯನ್ನು ಕುರ್ಚಿಯಲ್ಲಿ ಕೂರಿಸಿ ಊರು ಸುತ್ತಿಸಿದರೂ ನೀರು ತೀರ ಕಡಿಮೆಯಿದ್ದ ಕಾರಣ ಮುಳುಗಿಸಲಾಗಲಿಲ್ಲ. ಆ ಕುರ್ಚಿಯನ್ನು ಲೆಮ್‌ಸ್ಟರ್‌ನ ಪ್ರಯರಿ ಚರ್ಚಿನಲ್ಲಿ ಕಾಪಾಡಿಕೊಂಡು ಬರಲಾಗಿದೆ.

ಅಮೆರಿಕದಲ್ಲಿ 1829ರಲ್ಲಿ ನಡೆದ ವಿಚಾರಣೆಯೊಂದು ಈ ಕಾನೂನಿನ ಇನ್ನೊಂದು ಮುಖವನ್ನು ತೋರಿಸಿತು. ಆನ್ ರಾಯಲ್ ಎಂಬ ಲೇಖಕಿ ಸರ್ಕಾರದ ವ್ಯವಹಾರಗಳಲ್ಲಿ ಧಾರ್ಮಿಕ ಗುಂಪುಗಳ ಹಸ್ತಕ್ಷೇಪವನ್ನು ತೀಕ್ಷ್ಣವಾಗಿ ಟೀಕಿಸುತ್ತಿದ್ದರು. ನೆರೆಯ ಚರ್ಚಿನವರೊಂದಿಗೆ ಅವರಿಗೆ ಜಗಳವಾಯಿತು. ವಾಷಿಂಗ್ಟನ್ನಿನ ನ್ಯಾಯಾಲಯ ಅವರನ್ನು ಕಾಮನ್ ಸ್ಕೋಲ್ಡ್ ಎಂದು ತೀರ್ಮಾನಿಸಿತು. ಮುಳುಗಿಸುವ ಕುರ್ಚಿಯೂ ಸಿದ್ಧವಾಗಿತ್ತು. ಕೊನೆಗೆ ನ್ಯಾಯಾಲಯ 10 ಡಾಲರ್ ದಂಡ ವಿಧಿಸಿ ಕೈಬಿಟ್ಟಿತು. ದಂಡದ ಹಣವನ್ನು ಇಬ್ಬರು ಪತ್ರಕರ್ತರು ಕಟ್ಟಿದರು. ರಾಯಲ್ ಸುಮ್ಮನಾಗಲಿಲ್ಲ. 1831ರಲ್ಲಿ ತಮ್ಮದೇ ಪತ್ರಿಕೆ ಆರಂಭಿಸಿ ಅಧಿಕಾರಸ್ಥರ ಹಗರಣಗಳನ್ನು ಬಯಲಿಗೆಳೆದರು. ಆಗ ಅವರಿಗೆ ವಯಸ್ಸು ಅರವತ್ತು ದಾಟಿತ್ತು.

ನ್ಯೂಜೆರ್ಸಿಯ ನ್ಯಾಯಾಲಯವೊಂದು ಈ ಅಪರಾಧವನ್ನು ಅಸಿಂಧುವೆಂದು ಸಾರಿದ್ದು 1972ರಲ್ಲಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1967ರ ಕ್ರಿಮಿನಲ್ ಕಾನೂನು ಕಾಯಿದೆ ಇದನ್ನು ರದ್ದುಗೊಳಿಸಿತು. ಅಂದರೆ ಮನುಷ್ಯ ಚಂದ್ರನ ಮೇಲೆ ಕಾಲಿಡುವುದಕ್ಕೆ ಎರಡು ವರ್ಷ ಮೊದಲಿನವರೆಗೂ ಜಗಳಗಂಟಿ ಎನಿಸಿಕೊಳ್ಳುವುದು ಅಲ್ಲಿ ಕಾಗದದ ಮೇಲಾದರೂ ಅಪರಾಧವಾಗಿತ್ತು.

ನ್ಯಾಯಾಲಯಗಳಲ್ಲಿ

ಶಿಕ್ಷೆ ಹೋದರೂ ಪದದ ತೂಕ ನ್ಯಾಯಾಲಯಗಳಲ್ಲಿ ಉಳಿಯಿತು. ಬ್ರಿಟನ್ನಿನ 1957ರ ಹೋಮಿಸೈಡ್ ಕಾಯಿದೆಯ ಪ್ರಕಾರ, ಪ್ರಚೋದನೆಗೆ ಒಳಗಾಗಿ ಕೊಲೆ ಮಾಡಿದವರ ಅಪರಾಧದ ದರ್ಜೆ ತಗ್ಗುತ್ತಿತ್ತು. ಆ ಪ್ರಚೋದನೆ ಕೃತ್ಯದಿಂದಷ್ಟೇ ಅಲ್ಲ, ಮಾತಿನಿಂದಲೂ ಆಗಿರಬಹುದಿತ್ತು. ಹೆಂಡತಿಯನ್ನು ಕೊಂದ ಗಂಡಸರು ಆಕೆಯ ನ್ಯಾಗಿಂಗ್ ಸಹಿಸಲಾಗಲಿಲ್ಲ ಎಂದು ವಾದಿಸಿ ಹಗುರವಾದ ಶಿಕ್ಷೆ ಪಡೆಯುತ್ತಾರೆ, ವರ್ಷಗಟ್ಟಲೆ ಹೊಡೆತ ತಿಂದು ತಿರುಗಿಬಿದ್ದ ಹೆಂಗಸರಿಗೆ ಮಾತ್ರ ಜೀವಾವಧಿಯಾಗುತ್ತದೆ ಎಂದು 1990ರ ದಶಕದಲ್ಲಿ ಅಲ್ಲಿನ ಮಹಿಳಾ ಸಂಘಟನೆಗಳು ಹೋರಾಟ ನಡೆಸಿದವು. ದಕ್ಷಿಣ ಏಷ್ಯಾ ಮೂಲದ ಮಹಿಳೆಯರ ನಡುವೆ ಕೆಲಸ ಮಾಡುವ ಸೌಥಾಲ್ ಬ್ಲ್ಯಾಕ್ ಸಿಸ್ಟರ್ಸ್ ಸಂಸ್ಥೆ ಈ ಹೋರಾಟದ ಮುಂಚೂಣಿಯಲ್ಲಿತ್ತು. 2009ರ ಕಾಯಿದೆಯೊಂದು ಹಳೆಯ ಪ್ರಚೋದನೆಯ ವಾದವನ್ನು ರದ್ದುಪಡಿಸಿತು. 2010ರ ಅಕ್ಟೋಬರ್‌ನಲ್ಲಿ ಅದು ಜಾರಿಗೆ ಬಂತು. ಈಗ ಕೃತ್ಯವಾಗಲಿ ಮಾತಾಗಲಿ, ಪರಿಸ್ಥಿತಿ ಅತ್ಯಂತ ಗಂಭೀರ ಸ್ವರೂಪದ್ದಾಗಿದ್ದು, ತನಗೆ ಘೋರ ಅನ್ಯಾಯವಾಗಿದೆ ಎಂಬ ಭಾವನೆಗೆ ಸಮರ್ಥನೆ ಇದ್ದರೆ ಮಾತ್ರ ಅಂಥ ವಾದಕ್ಕೆ ಅವಕಾಶ.

ಭಾರತದಲ್ಲಿ ಈ ಪ್ರಶ್ನೆ ಬರುವುದು ವಿಚ್ಛೇದನದ ಪ್ರಕರಣಗಳಲ್ಲಿ. ಹಿಂದೂ ವಿವಾಹ ಕಾಯಿದೆಯ ಪ್ರಕಾರ ಕ್ರೌರ್ಯ ವಿಚ್ಛೇದನಕ್ಕೆ ಒಂದು ಕಾರಣ. ಮಾನಸಿಕ ಕ್ರೌರ್ಯವೂ ಅದರಲ್ಲಿ ಸೇರುತ್ತದೆ. ದಿನನಿತ್ಯದ ಕಿರಿಕಿರಿ ಕ್ರೌರ್ಯವಾಗುತ್ತದೆಯೇ? ಸಮರ್ ಘೋಷ್ ಮತ್ತು ಜಯಾ ಘೋಷ್ ಪ್ರಕರಣದಲ್ಲಿ 2007ರಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟ್, ಮಾನಸಿಕ ಕ್ರೌರ್ಯದ ಕೆಲವು ನಿದರ್ಶನಗಳನ್ನು ಪಟ್ಟಿ ಮಾಡಿತು. ಸಣ್ಣಪುಟ್ಟ ಕಿರಿಕಿರಿ, ಜಗಳ, ಸಂಸಾರದಲ್ಲಿ ಸಹಜವಾಗಿ ಆಗುವ ಸವೆತ ಇವಿಷ್ಟೇ ವಿಚ್ಛೇದನಕ್ಕೆ ಸಾಲವು ಎಂಬುದು ಅದರ ನಿಲುವು. ಬಿಡಿ ಘಟನೆಗಳನ್ನಲ್ಲ, ದಾಂಪತ್ಯವನ್ನು ಇಡಿಯಾಗಿ ನೋಡಬೇಕೆಂದೂ ನ್ಯಾಯಾಲಯ ಹೇಳಿದೆ. ಈ ಮಾನದಂಡ ಗಂಡ ಹೆಂಡತಿ ಇಬ್ಬರಿಗೂ ಅನ್ವಯಿಸುತ್ತದೆ.

ನೋವು, ಕ್ರಿಕೆಟ್, ಕಂಪ್ಯೂಟರ್

ವಿಶೇಷಣವಾಗಿ ನ್ಯಾಗಿಂಗ್ ಎಂಬುದು ತನ್ನ ಕಟುತ್ವವನ್ನು ಕಳೆದುಕೊಳ್ಳುತ್ತದೆ. ನ್ಯಾಗಿಂಗ್ ಪೇನ್ ಎಂದರೆ ತೀವ್ರವಲ್ಲದಿದ್ದರೂ ಬಿಟ್ಟುಹೋಗದ ನೋವು. ಆಟಗಾರರ ವಿಚಾರದಲ್ಲಿ ನ್ಯಾಗಿಂಗ್ ಇಂಜುರಿ ಎಂದರೆ ವಾಸಿಯಾದಂತೆ ಕಂಡು ಮತ್ತೆ ಮರುಕಳಿಸುವ ಗಾಯ.

ಕ್ರಿಕೆಟ್‌ನಲ್ಲಂತೂ ಇದು ಪ್ರಶಂಸೆಯ ಪದ. ಬ್ಯಾಟುಗಾರನಿಗೆ ಹೊಡೆಯಲೂ ಆಗದ, ಬಿಡಲೂ ಆಗದ ಜಾಗದಲ್ಲಿ ಓವರಿನಿಂದ ಓವರಿಗೆ ಚೆಂಡು ಹಾಕುವುದನ್ನು ನ್ಯಾಗಿಂಗ್ ಲೈನ್ ಅಂಡ್ ಲೆಂಗ್ತ್ ಎನ್ನುತ್ತಾರೆ. ಟೆಸ್ಟ್ ಪಂದ್ಯಗಳಲ್ಲಿ 563 ವಿಕೆಟ್ ಪಡೆದ ಆಸ್ಟ್ರೇಲಿಯದ ಗ್ಲೆನ್ ಮೆಕ್‌ಗ್ರಾ ಬೌಲಿಂಗ್ ಬಗ್ಗೆ ಈ ಮಾತು ಕೇಳಿಬರುತ್ತಿತ್ತು. ನಮ್ಮಲ್ಲಿ ಬಾಪು ನಾಡಕರ್ಣಿ 1964ರಲ್ಲಿ ಇಂಗ್ಲೆಂಡ್ ವಿರುದ್ಧ ಮದರಾಸಿನಲ್ಲಿ ಸತತ 21 ಮೇಡನ್ ಓವರುಗಳನ್ನು ಎಸೆದು, ಒಟ್ಟು 32 ಓವರುಗಳಲ್ಲಿ ಕೊಟ್ಟದ್ದು ಕೇವಲ 5 ರನ್. ಮೈದಾನದಲ್ಲಿ ಪಟ್ಟು ಬಿಡದಿರುವುದು ಗುಣ. ಅದೇ ಪಟ್ಟು ಅಡುಗೆಮನೆಯಲ್ಲಿ ಅವಗುಣ ಎನಿಸಿಕೊಳ್ಳುವುದು ವಿಚಿತ್ರ.

ಜಾಹೀರಾತು ಲೋಕದಲ್ಲಿ ನ್ಯಾಗ್ ಫ್ಯಾಕ್ಟರ್ ಎಂಬ ಪರಿಭಾಷೆಯಿದೆ. ಮಕ್ಕಳು ತಂದೆತಾಯಿಗಳನ್ನು ಪೀಡಿಸಿ ಆಟಿಕೆ, ತಿಂಡಿಗಳನ್ನು ಕೊಡಿಸಿಕೊಳ್ಳುವ ಶಕ್ತಿಗೆ ಈ ಹೆಸರು. ಕೆನಡಾದ ಕ್ವಿಬೆಕ್ ಪ್ರಾಂತ 1980ರಿಂದಲೇ 13 ವರ್ಷದೊಳಗಿನ ಮಕ್ಕಳನ್ನು ಗುರಿಯಾಗಿಸಿದ ವಾಣಿಜ್ಯ ಜಾಹೀರಾತುಗಳನ್ನು ನಿಷೇಧಿಸಿದೆ. ಭಾರತದಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತುಗಳಿಗೆ ಪ್ರತ್ಯೇಕ ನಿಯಮಗಳಿವೆ.

ಕಂಪ್ಯೂಟರ್ ಬಳಸುವವರಿಗೆ ನ್ಯಾಗ್‌ವೇರ್ ಪರಿಚಿತ. ಹಣ ಕೊಟ್ಟು ನೋಂದಾಯಿಸಿಕೊಳ್ಳಿ ಎಂದು ಪ್ರತಿ ಬಾರಿ ತೆರೆದಾಗಲೂ ಸೂಚನೆ ತೋರಿಸುವ ತಂತ್ರಾಂಶಕ್ಕೆ ಈ ಹೆಸರು.

ಕನ್ನಡದಲ್ಲಿ

ಈ ಪದವನ್ನು ಗೊಣಗು ಎಂದು ಅನುವಾದಿಸುವುದು ಸುಲಭದ ದಾರಿ, ಆದರೆ ಸರಿಯಾದ ದಾರಿಯಲ್ಲ. ಗೊಣಗುವವರು ಸಾಮಾನ್ಯವಾಗಿ ತಮ್ಮೊಳಗೇ ಗೊಣಗುತ್ತಾರೆ, ಅದು ಗ್ರಂಬಲ್. ಎದುರಿನ ವ್ಯಕ್ತಿಯಿಂದ ಏನನ್ನೋ ಮಾಡಿಸಬೇಕೆಂದು ಹಿಡಿದ ಹಟಕ್ಕೆ ಕನ್ನಡದಲ್ಲಿ ಬೇರೆ ಪದಗಳಿವೆ. ವರಾತ ಹಚ್ಚುವುದು, ದುಂಬಾಲು ಬೀಳುವುದು, ಬೆನ್ನು ಹತ್ತುವುದು, ಪೀಡಿಸುವುದು, ಸತಾಯಿಸುವುದು ಇವುಗಳಲ್ಲಿ ಮುಖ್ಯವಾದವು. ಬೇಸರದ ಧ್ವನಿ ಬೇಕಾದರೆ ತಲೆ ತಿನ್ನುವುದು, ಕೊರೆಯುವುದು, ಪಿರಿಪಿರಿ ಮಾಡುವುದು ಸರಿಹೊಂದುತ್ತವೆ. ನೋವು ಮತ್ತು ಸಂಶಯಗಳ ಸಂದರ್ಭದಲ್ಲಿ ಕಾಡು ಎಂಬ ಒಂದೇ ಕ್ರಿಯಾಪದ ಸಾಕು: ಬಿಡದೆ ಕಾಡುವ ಬೆನ್ನುನೋವು, ಮನಸ್ಸನ್ನು ಕಾಡುವ ಪ್ರಶ್ನೆ.

ತಗಾದೆ ಎಂಬ ಪದದ ಕಥೆ ಇಲ್ಲಿ ಗಮನಾರ್ಹ. ಅರಬ್ಬಿಯಿಂದ ಪಾರಸಿಯ ಮೂಲಕ ಬಂದ ತಕಾಜಾ ಎಂಬುದೇ ಇದರ ಮೂಲ. ಸಲ್ಲಬೇಕಾದ ಹಣಕ್ಕಾಗಿ ಸಾಲಗಾರನನ್ನು ಒತ್ತಾಯಿಸುವುದು ಎಂದು ಅದರ ಅರ್ಥ. ಅಂದರೆ ತಗಾದೆ ಮಾಡುವವರಿಗೆ ಮೂಲತಃ ಒಂದು ಹಕ್ಕಿತ್ತು, ಎದುರಿನವರ ಬಳಿ ಒಂದು ಬಾಕಿ ಇತ್ತು. ಇಂದು ತಗಾದೆ ತೆಗೆಯುವುದು ಎಂದರೆ ವೃಥಾ ತಕರಾರು ಎಂಬ ಅರ್ಥವೇ ಮುಂದಾಗಿದೆ. ಬಾಕಿ ಮರೆತುಹೋಯಿತು, ಕೇಳುವವರ ಕಿರಿಕಿರಿ ಮಾತ್ರ ನೆನಪಿನಲ್ಲಿ ಉಳಿಯಿತು.

ಹಾಗೆಯೇ ಚಂಡಿ ಹಿಡಿಯುವುದು ಎಂಬ ಮಾತನ್ನೂ ಗಮನಿಸಬಹುದು. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಉದ್ದಾಲಕ ಮುನಿಯ ಮಡದಿ ಚಂಡಿ ಗಂಡ ಹೇಳಿದ್ದಕ್ಕೆಲ್ಲ ವಿರುದ್ಧವಾಗಿ ನಡೆದು ಕೊನೆಗೆ ಶಾಪದಿಂದ ಶಿಲೆಯಾಗುತ್ತಾಳೆ. ಆದರೆ ಕನ್ನಡದ ಬಳಕೆಯಲ್ಲಿ ಚಂಡಿ ಹಿಡಿಯುವವರು ಹೆಂಗಸರೇ ಆಗಬೇಕಾಗಿಲ್ಲ. ಹಟಮಾರಿ ಮಗುವೂ, ಏಳಲೊಪ್ಪದ ಎತ್ತೂ ಚಂಡಿ ಹಿಡಿಯಬಹುದು.

ಬಳಸುವ ಮುನ್ನ

ಸುದ್ದಿ ಬರೆಯುವವರೂ ಅನುವಾದಿಸುವವರೂ ಈ ಪದವನ್ನು ಎಚ್ಚರದಿಂದ ಬಳಸಬೇಕು. ಹೆಂಡತಿಯ ನ್ಯಾಗಿಂಗ್ ತಾಳಲಾರದೆ ಎಂದು ಬರೆದಾಗ ಅದು ವರದಿಯಂತೆ ಕಂಡರೂ ಒಂದು ಪಕ್ಷದ ತೀರ್ಪು. ಆಕೆ ಕೇಳುತ್ತಿದ್ದುದು ಏನನ್ನು ಎಂಬುದನ್ನು ಹೇಳಿದರೆ ಓದುಗರು ತಾವೇ ನಿರ್ಧರಿಸುತ್ತಾರೆ. ಕುಡಿತ ಬಿಡು ಎಂದು ಕೇಳಿದ್ದರೆ ಅದಕ್ಕೆ ಒಂದು ಹೆಸರು, ನೆರೆಮನೆಯವರಂತೆ ಕಾರು ಕೊಳ್ಳು ಎಂದು ಕೇಳಿದ್ದರೆ ಇನ್ನೊಂದು ಹೆಸರು.

ಮನೆಯ ಹೊರಗೂ ಇದೇ ಮಾತು ಅನ್ವಯಿಸುತ್ತದೆ. ಬೀದಿದೀಪ ಕೆಟ್ಟು ಆರು ತಿಂಗಳಾಯಿತೆಂದು ವಾರ್ಡ್ ಕಚೇರಿಗೆ ಏಳನೆಯ ಅರ್ಜಿ ಕೊಡುವ ನಿವೃತ್ತ ಶಿಕ್ಷಕರು, ಪಿಂಚಣಿಗಾಗಿ ಪ್ರತಿ ಸೋಮವಾರ ಬಂದು ನಿಲ್ಲುವ ಅಜ್ಜಿ ಕಚೇರಿಯ ಸಿಬ್ಬಂದಿಯ ಕಣ್ಣಿಗೆ ಕಿರಿಕಿರಿಯ ಜನ. ಮೊದಲ ಅರ್ಜಿಗೇ ಉತ್ತರ ಸಿಕ್ಕಿದ್ದರೆ ಏಳನೆಯದು ಹುಟ್ಟುತ್ತಲೇ ಇರಲಿಲ್ಲ. ಅಳದಿದ್ದರೆ ತಾಯಿಯೂ ಹಾಲು ಕೊಡುವುದಿಲ್ಲ ಎನ್ನುವ ನಾವೇ, ಅತ್ತವರನ್ನು ರಗಳೆ ಎನ್ನುತ್ತೇವೆ.

ಹಾಗೆಂದು ಎಲ್ಲ ಪುನರಾವರ್ತನೆಯೂ ನ್ಯಾಯವೆಂದು ಹೇಳಲಾಗದು. ಮಾಡಿ ಮುಗಿಸಿದ ಕೆಲಸವನ್ನೂ ಕೆದಕುವ, ಬದಲಿಸಲಾಗದ ಮೈಬಣ್ಣವನ್ನೋ ಸಂಬಳವನ್ನೋ ದಿನವೂ ಎತ್ತಿ ಆಡುವ ಮಾತು ನಿಜವಾಗಿಯೂ ಮನುಷ್ಯರನ್ನು ಒಳಗಿನಿಂದ ಕಡಿಯುತ್ತದೆ. ಆಡುವವರು ಅತ್ತೆಯಾಗಿರಲಿ, ಗಂಡನಾಗಿರಲಿ, ಕಚೇರಿಯ ಮೇಲಧಿಕಾರಿಯಾಗಿರಲಿ, ಅದಕ್ಕೆ ನ್ಯಾಗಿಂಗ್ ಎಂಬ ಹೆಸರು ಸಲ್ಲುತ್ತದೆ. ಗುರುತಿಸುವ ಸರಳ ವಿಧಾನವೊಂದಿದೆ. ಕೇಳಿದ್ದನ್ನು ಮಾಡಿಕೊಟ್ಟರೆ ಮಾತು ನಿಲ್ಲುವುದಾದರೆ ಅದು ಬೇಡಿಕೆ. ಮಾಡಿಕೊಟ್ಟ ಮೇಲೂ ನಿಲ್ಲದಿದ್ದರೆ ಅದು ಕೊರೆತ. ಆದರೆ ಈ ಪರೀಕ್ಷೆ ನಡೆಸಬೇಕಾದರೆ ಮೊದಲು ನಲ್ಲಿ ರಿಪೇರಿ ಮಾಡಿಸಬೇಕು.